ಕರೆಯದಿದ್ದರೂ ಓಗೊಡುವ ಕಾಕಾ

ನಮ್ಮ ಕಾಕಾನನ್ನು ಯಾರೂ ಕರೆಯುವುದಿಲ್ಲ. ಅವರು ಬಾರದೇ ಉಳಿದದ್ದೂ ಇಲ್ಲ. ಮಸ್ಕಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾ ಆದಾಗಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚುವವರೆಗೆ ಏನಿಲ್ಲವೆಂದರೂ ಮೂವತ್ತು ಸಲ "ಓ, ಬಂದೆ!" ಎಂಬ ಕೂಗು ಕೇಳುತ್ತದೆ. ಓಗೊಟ್ಟವರು ಕಾಕಾ. ಕರೆದವರು? ಯಾರೂ ಇಲ್ಲ! ಬೀದಿಯಲ್ಲಿ ಉಳ್ಳಾಗಡ್ಡಿ ಗಾಡಿಯವನು ಕೂಗಿದರೆ "ಓ", ಪಕ್ಕದ ಮನೆಯ ಎಮ್ಮೆ ಒದರಿದರೆ "ಓ". ಏನೂ ಸದ್ದಿಲ್ಲದೆ ಮನೆ ಗಪ್ ಎಂದು ಕೂತಿದ್ದರೆ ಇನ್ನೂ ಜೋರಾಗಿ "ಓ". ಹೊಸದಾಗಿ ಬಂದ ನೆಂಟರು ಬೆಚ್ಚಿಬಿದ್ದು, "ಯಾರು ಕರದ್ರಿ?" ಎಂದು ಅತ್ತಿತ್ತ ನೋಡುತ್ತಾರೆ. "ಯಾರೂ ಇಲ್ರೀ, ನೀವು ಚಾ ಕುಡೀರಿ" ಎನ್ನುತ್ತೇವೆ. ಎರಡನೆಯ ಸಲ ಬಂದವರು ಕೇಳುವುದಿಲ್ಲ. ಮೂರನೆಯ ಸಲ ಬರುವವರು ಕಡಿಮೆ.

ಕಾಕಾ ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದೊಳಗೆ ದುಡಿದು ಬಂದವರು. "ಬಂಗಾರ ಎಷ್ಟ್ ನೋಡೀರಿ ಯಜಮಾನ್ರ?" ಎಂದು ಜನ ಆಸೆಯಿಂದ ಕೇಳುತ್ತಾರೆ. "ಬಂಗಾರ ನೋಡಿದವ್ರು ಮ್ಯಾಲೆ ಇದ್ರು. ನಾ ಕೆಳಗ ಬರೇ ಕಲ್ಲು ನೋಡೀನಿ" ಎಂಬುದು ಅವರ ಉತ್ತರ. ಖರೆಯೆಂದರೆ ಅವರು ಕಲ್ಲನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಸಿಡಿಮದ್ದು ಹಾರಿಸಿದ ಮೇಲೆ, ಉಳಿದವರು ಒಳಗೆ ಕಾಲಿಡುವ ಮೊದಲು, ಉದ್ದನೆಯ ಕಬ್ಬಿಣದ ಹಾರಿಯಿಂದ ತಲೆಯ ಮೇಲಿನ ಬಂಡೆಯನ್ನು ಬಡಿದು ನೋಡುವ ಕೆಲಸ ಅವರದು. "ಠಣ್" ಎಂದರೆ ಕಲ್ಲು ಗಟ್ಟಿ. "ಡಬ್" ಎಂದರೆ ಪೊಳ್ಳು, ಯಾವಾಗ ಬೇಕಾದರೂ ಕಳಚಿ ಬೀಳಬಹುದು. ಕೆಡವಿಯೇ ಮುಂದಿನ ಕೆಲಸ. ಠಣ್ ಮತ್ತು ಡಬ್‌ಗಳ ನಡುವೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಂದು ಸದ್ದು ಇರುತ್ತದಂತೆ. ಅದಕ್ಕೆ ಕಾಕಾನ ಕಾನೂನು ಒಂದೇ.

"ಗಟ್ಟಿ ಕಲ್ಲಿಗೆ ಪೊಳ್ಳು ಅಂದ್ರ ಅರ್ಧ ತಾಸು ಹೋಗ್ತೈತಿ. ಪೊಳ್ಳು ಕಲ್ಲಿಗೆ ಗಟ್ಟಿ ಅಂದ್ರ ಮನುಷ್ಯಾ ಹೋಗ್ತಾನ. ಅನುಮಾನ ಬಂತಾ? ಪೊಳ್ಳು ಅನ್ನು. ಮುಗೀತು."

ಗಣಿಯ ಕತ್ತಲಲ್ಲಿ ಇದು ದೊಡ್ಡ ಜ್ಞಾನ. ತೊಂದರೆಯಾದದ್ದು ಅವರು ನಿವೃತ್ತರಾಗಿ ಬೆಳಕಿಗೆ ಬಂದ ಮೇಲೆ. ಹಾರಿಯನ್ನು ಹಟ್ಟಿಯಲ್ಲಿ ಬಿಟ್ಟು ಬಂದರು, ಬಡಿಯುವ ಬೆರಳನ್ನು ಬಿಟ್ಟು ಬರಲಾಗಲಿಲ್ಲ. ಸಂತೆಯಲ್ಲಿ ಒಂದು ಕಲ್ಲಂಗಡಿ ಕೊಳ್ಳಲು ಹೋದರೆ ಇಡೀ ರಾಶಿಯನ್ನು ಬಡಿಯುತ್ತಾರೆ. ಒಮ್ಮೆ ಹಣ್ಣಿನವನಿಗೆ ಸಾಕಾಯಿತು. "ಕಾಯಿ ತಗೊಂತೀರೋ, ಒಳಗಿದ್ದವ್ರು ಬಾಗಲಾ ತಗೀಲಿ ಅಂತ ಕಾಯಾಕತ್ತೀರೋ?" ಎಂದು ಕೇಳಿದ. ಕಾಕಾ ಮುಂದಿನ ಕಾಯಿಗೆ ಹೋದರು.

ಸಂತೆಕಲ್ಲೂರಿನಲ್ಲಿ ನಮ್ಮ ದೂರದ ನೆಂಟರೊಬ್ಬರ ಗೃಹಪ್ರವೇಶ. ಹೋಳಿಗೆ ಊಟ ಮುಗಿದಿದೆ, ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಮನೆಯನ್ನು ಹೊಗಳುತ್ತಿದ್ದಾರೆ, ಮೇಸ್ತ್ರಿ ಆಗಷ್ಟೇ ಹೊದಿಸಿದ ಶಾಲು ಸರಿಪಡಿಸಿಕೊಳ್ಳುತ್ತಿದ್ದಾನೆ. ಆಗ ಗೋಡೆಯ ಗುಂಟ ಟಕ್ ಟಕ್ ಎನ್ನುತ್ತ ಹೊರಟಿದ್ದ ಕಾಕಾ ದೇವರ ಕೋಣೆಯ ಹತ್ತಿರ ನಿಂತರು. ಇನ್ನೊಮ್ಮೆ ಬಡಿದರು. "ಇದು ಪೊಳ್ಳು" ಎಂದರು. ಪಾಪ, ಮನೆ ಯಜಮಾನ ಎಂಟು ದಿನ ಆ ಗೋಡೆಯ ಕಡೆ ಬೆನ್ನು ಮಾಡಿ ಕೂರಲಿಲ್ಲವಂತೆ. ಒಂಬತ್ತನೆಯ ದಿನ ತಡೆಯಲಾಗದೆ ಒಡೆಸಿಯೇ ಬಿಟ್ಟ. ಒಳಗೆ ಗೋಡೆ ಕಲ್ಲುಗುಂಡಿನಂತೆ ಗಟ್ಟಿಯಾಗಿತ್ತು! ಸಿಟ್ಟಿನಿಂದ ಮಸ್ಕಿಯವರೆಗೆ ಜಗಳಕ್ಕೆ ಬಂದ. ಕಾಕಾನಿಗೆ ಮಾತ್ರ ಪರಮಾನಂದ. "ಛಲೋ ಆತಲ್ಲ! ಗಟ್ಟಿ ಐತಿ ಅಂತ ಈಗ ಪಕ್ಕಾ ಆತು. ಒಡೀದಿದ್ರ ನಿನಗ ಹ್ಯಾಂಗ ಗೊತ್ತಾಗ್ತಿತ್ತು?" ಎಂದು ಚಹಾ ಕುಡಿಸಿ ಕಳಿಸಿದರು. ಅಂದಿನಿಂದ ಆ ಕಡೆಯ ನೆಂಟರು ನಮ್ಮನ್ನು ಗೃಹಪ್ರವೇಶಕ್ಕೆ ಕರೆಯುವುದಿಲ್ಲ. ಕರೆಯದಿದ್ದರೂ ಬರುವ ಮನುಷ್ಯ ಕಾಕಾ ಎಂಬುದು ಅವರಿಗೆ ತಿಳಿದಿಲ್ಲ!

ಬಸ್ಸಿನ ಕತೆ ಇನ್ನೊಂದು. ಲಿಂಗಸುಗೂರಿನಿಂದ ಗುರುಗುಂಟಾಕ್ಕೆ ಮದುವೆಗೆ ಹೊರಟಿದ್ದೆವು. ಊರು ದಾಟಿರಲಿಲ್ಲ, ಕಾಕಾ ಎದ್ದು ನಿಂತು "ಹೋಲ್ಡಾನ್!" ಎಂದು ಒದರಿದರು. ಗಾಲಿಯಲ್ಲಿ ಏನೋ ಸದ್ದು ಕೇಳಿಸಿತಂತೆ. ಚಾಲಕ ಇಳಿದು ನೋಡಿದ, ಏನೂ ಇಲ್ಲ. ಎರಡು ಮೈಲಿ ಹೋದ ಮೇಲೆ ಮತ್ತೆ "ಹೋಲ್ಡಾನ್!" ಮತ್ತೆ ಏನೂ ಇಲ್ಲ. ಮೂರನೆಯ ಸಲಕ್ಕೆ ಕಂಡಕ್ಟರ್ ಬಹಳ ಮರ್ಯಾದೆಯಿಂದ, "ಯಜಮಾನ್ರ, ನೀವು ಹಿಂದಿನ ಬಸ್ಸಿಗೆ ಬರ್ರಿ. ಅದರ ಗಾಲಿ ಇದಕಿಂತ ಛಲೋ ಸದ್ದು ಮಾಡ್ತೈತಿ" ಎಂದ. ಮದುವೆ ಉಂಡು ಮರಳುವಾಗ ಬಸ್ಸು ಖರೆಯೇ ಪಂಕ್ಚರ್ ಆಯಿತು. ಢಂ ಎಂಬ ಸದ್ದಿಗೆ ಇಡೀ ಬಸ್ಸು ಹೌಹಾರಿತು. ಕಾಕಾ ಬುಂದಿ ಉಂಡ ನಿದ್ದೆಯಲ್ಲಿದ್ದರು. ಎಬ್ಬಿಸಿ ಹೇಳಿದರೆ, "ನಾ ಮುಂಜಾನೇ ಹೇಳಿದ್ನಲ್ಲ?" ಎಂದು ಮಗ್ಗಲು ಬದಲಿಸಿದರು.

ಇಷ್ಟೆಲ್ಲ ಆದರೂ ನಾನು ಕಾಕಾನ ಮೇಲೆ ಸಿಟ್ಟಾದವನಲ್ಲ. ಯಾಕೆಂದರೆ ಅವರಿಂದ ನನ್ನ ಪಾಠ ಸುಲಭವಾಗಿತ್ತು. ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಮಾಸ್ತರ. ನಮ್ಮಲ್ಲಿ ಸಂಕೇತ ಪತ್ತೆ ಸಿದ್ಧಾಂತ ಎಂಬ ಒಂದು ಅಧ್ಯಾಯವಿದೆ. ಹೆಸರಿಗೆ ಹೆದರಬೇಡಿ, ಮಕ್ಕಳು ಈಗಾಗಲೇ ಹೆದರಿದ್ದಾರೆ. ವಿಷಯ ಇಷ್ಟೇ: ಒಂದು ಸದ್ದು ಇರುತ್ತದೆ ಅಥವಾ ಇರುವುದಿಲ್ಲ, ನೀವು "ಕೇಳಿತು" ಎನ್ನುತ್ತೀರಿ ಅಥವಾ "ಇಲ್ಲ" ಎನ್ನುತ್ತೀರಿ. ಒಟ್ಟು ನಾಲ್ಕು ಮನೆ. ಇದ್ದದ್ದಕ್ಕೆ ಹೌದು ಎಂದರೆ ಹಿಡಿದಿರಿ. ಇದ್ದದ್ದಕ್ಕೆ ಇಲ್ಲ ಎಂದರೆ ಕೈತಪ್ಪಿಸಿಕೊಂಡಿರಿ. ಇಲ್ಲದ್ದಕ್ಕೆ ಹೌದು ಎಂದರೆ ಸುಳ್ಳು ಗಂಟೆ ಬಾರಿಸಿದಿರಿ. ಇಲ್ಲದ್ದಕ್ಕೆ ಇಲ್ಲ ಎಂದರೆ ಸುಮ್ಮನಿದ್ದು ಗೆದ್ದಿರಿ. ಹಾಗೆಯೇ ಮನುಷ್ಯನ ಒಳಗೆ ಎರಡು ಸಂಗತಿ ಬೇರೆ ಬೇರೆ ಕೆಲಸ ಮಾಡುತ್ತವೆ. ಒಂದು, ಕಿವಿ ಎಷ್ಟು ಚುರುಕು ಎಂಬುದು. ಇನ್ನೊಂದು, ಎಷ್ಟು ಅನುಮಾನ ಬಂದರೆ "ಹೌದು" ಎನ್ನಬೇಕೆಂದು ಮನಸ್ಸು ಎಳೆದುಕೊಂಡ ಗೆರೆ. ಹೊರಗಿನಿಂದ ನೋಡಿದವರಿಗೆ ಇವೆರಡೂ ಒಂದೇ ಥರ ಕಾಣುತ್ತವೆ. ಬಿಡಿಸಿ ನೋಡುವುದೇ ಶಾಸ್ತ್ರ.

ನಾಲ್ಕು ಮನೆಯ ಚಿತ್ರವನ್ನು ಮನೆಯಲ್ಲಿ ಬರೆದುಕೊಳ್ಳುತ್ತಿದ್ದಾಗ ಕಾಕಾ ಬಗ್ಗಿ ನೋಡಿ ಎಲ್ಲವನ್ನೂ ವಿವರವಾಗಿ ಕೇಳಿ ತಿಳಿದುಕೊಂಡರು. "ಸುಮ್ಮ ಕುಂತವಂಗೂ ಒಂದು ಮನಿ ಕೊಟ್ಟಾರಲ್ಲೋ! ಇದಕ್ಕ ಪುಸ್ತಕ ಬ್ಯಾರೆ ಬರದಾರ?" ಎಂದು ಆಶ್ಚರ್ಯಪಟ್ಟರು. ಆಮೇಲೆ, "ಎರಡನೇ ಮನಿ ಐತಲ್ಲ, ಇತ್ತು ಆದ್ರ ಇಲ್ಲ ಅಂದೆ ಅನ್ನೋದು... ಅದೊಂದು ಆಗಬಾರದು ನೋಡ್ಲೇ ಮಾಸ್ತರ. ಉಳದ ಮೂರು ಹ್ಯಾಂಗರ ಆಗ್ಲಿ" ಎಂದು ಎದ್ದು ಹೋದರು. ನಾನು ಪ್ರತಿ ವರ್ಷ ತರಗತಿಯಲ್ಲಿ ಕಾಕಾನನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಒಮ್ಮೆ ನಾನು ಮರೆತ ಬುತ್ತಿ ಕೊಡಲು ಅವರು ಕಾಲೇಜಿಗೆ ಬಂದಾಗ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಕಾ ಬೆರಳಿನಿಂದ ಮೇಜನ್ನು ಬಡಿದು, "ಪೊಳ್ಳು" ಎಂದು ಹೊರಟುಹೋದರು.

ನನ್ನ ನಿರ್ಣಯ ಬಹಳ ಸ್ಪಷ್ಟವಿತ್ತು: ಕಾಕಾನ ಕಿವಿ ಚುರುಕು, ಗೆರೆ ಮಾತ್ರ ನೆಲಕ್ಕೆ ಬಿದ್ದಿದೆ. ಇದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಅಡಿಗೆರೆಯನ್ನೂ ಎಳೆದಿದ್ದೆ. ದಯವಿಟ್ಟು ನೆನಪಿಡಿ. ಮುಂದೆ ನಾನು ನಾಚಿಕೊಳ್ಳುವಾಗ ಬೇಕಾಗುತ್ತದೆ.

ಹೋದ ವರ್ಷ ಚಿಗವ್ವನಿಗೆ, ಅಂದರೆ ಕಾಕಾನ ಹೆಂಡತಿಗೆ, ಗಂಟಲಿನ ಆಪರೇಶನ್ ಆಯಿತು. ಅದಕ್ಕೆ ಮೊದಲು ಚಿಗವ್ವ ಅಡುಗೆಮನೆಯಿಂದ "ಏನ್ರೀ!" ಎಂದರೆ ನಮ್ಮ ಓಣಿಯ ನಾಲ್ಕು ಮನೆಯ ಗಂಡಸರು ಎದ್ದು ನಿಲ್ಲುತ್ತಿದ್ದರು. ಆಪರೇಶನ್ ಆದ ಮೇಲೆ ಉಳಿದದ್ದು ಬರೀ ಗಾಳಿ. ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದರೆ ಮಾತು ತಿಳಿಯುತ್ತದೆ. ಜೊತೆಗೆ ಮೊಣಕಾಲು ನೋವು, ಯಾರಾದರೂ ಹಿಡಿಯದೆ ಏಳಲಾಗದು. ಹಗಲಲ್ಲಿ ನಾನೂ ನನ್ನ ಹೆಂಡತಿಯೂ ಪಾಠಕ್ಕೆ ಹೋಗುತ್ತೇವೆ, ಅವ್ವ ನಮ್ಮ ಕಿರಾಣಿ ಅಂಗಡಿಯಲ್ಲಿ ಕೂರುತ್ತಾಳೆ. ಒಳಕೋಣೆಯ ಮಂಚದಲ್ಲಿ ಚಿಗವ್ವ, ಹೊರಗೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕಾಕಾ. ಅವಳನ್ನು ನೋಡಿಕೊಳ್ಳುವ ಜಿಮ್ಮೇದಾರಿ ಅವರದು.

ಮೊದಲ ವಾರವೇ ಒಂದು ಅನಾಹುತವಾಯಿತು. ನೀರು ಬೇಕೆಂದು ಚಿಗವ್ವ ಕರೆದಳು. ಯಾರೂ ಬರಲಿಲ್ಲ. ತಾನೇ ಎದ್ದಳು, ಬಿದ್ದಳು, ಮುಂಗೈ ಊದಿಕೊಂಡಿತು. ಕಾಕಾ ಎಲೆಯಡಿಕೆ ತರಲು ಹೋಗಿದ್ದರಂತೆ. ಅವ್ವ ಅಂದು ಮೈದುನನನ್ನು ಬೈದ ಬೈಗುಳಗಳು ಓಣಿಯಲ್ಲಿ ಈಗಲೂ ಚಾಲ್ತಿಯಲ್ಲಿವೆ. ಮರುದಿನದಿಂದ ಶುರುವಾಯಿತು ನೋಡಿ: "ಓ, ಬಂದೆ!"

ಇದಕ್ಕೊಂದು ಮದ್ದು ಎಂದು ನನ್ನ ಹೆಂಡತಿ ಕಾಲಿಂಗ್ ಬೆಲ್ ತಂದು ಮಂಚಕ್ಕೆ ಗುಂಡಿ ಕಟ್ಟಿದಳು. ಪರೀಕ್ಷೆಗೆಂದು ಚಿಗವ್ವ ಒತ್ತಿದಳು. ಕಟ್ಟೆಯ ಮೇಲಿನ ಬೆಲ್ಲು ಸಣ್ಣ ಕೀರಲು ದನಿಯಲ್ಲಿ ಕುಯ್ಯೋ ಎಂದು ಹಾಡಿತು. ನನ್ನ ಹೆಂಡತಿ ಓಡಿದಳು, ಅವ್ವ ಓಡಿದಳು, ಪಕ್ಕದ ಮನೆಯ ಸೊಸೆ ಕೈಯಲ್ಲಿದ್ದ ರೊಟ್ಟಿ ಹಿಟ್ಟಿನ ಸಮೇತ ಓಡಿಬಂದಳು. ಬೆಲ್ಲಿನ ಪಕ್ಕದಲ್ಲೇ ಕೂತಿದ್ದ ಕಾಕಾ ಮಾತ್ರ ಪೇಪರು ಓದುತ್ತಿದ್ದರು. "ಯಾಕ್ರೀ ಮಾವಾ, ಏಳ್ಲಿಲ್ಲ?" ಎಂದು ಕೇಳಿದರೆ, ನಮ್ಮನ್ನೆಲ್ಲ ಒಂದು ಸುತ್ತು ನೋಡಿ, "ನೀವೆಲ್ಲ ಮೆರವಣಿಗಿ ಹೊಂಟೀರಲ್ಲ, ನಾ ಒಬ್ಬ ಕಡಿಮಿ ಆದ್ರ ಏನಾತು?" ಎಂದರು. ಮರುದಿನ ಬೆಲ್ಲಿನ ಸೆಲ್ಲು ಮಾಯ. ಹುಡುಕಿದರೆ ಕಾಕಾನ ಬ್ಯಾಟರಿ ಲೈಟಿನೊಳಗಿದ್ದವು.

ಹೀಗಿರುವಾಗ ಸಿಂಧನೂರಿನಿಂದ ಚಿಗವ್ವನ ಅಕ್ಕ ಬಂದರು. ಅವರು ಮಂಚದ ಪಕ್ಕ ಕೂತು ಮಧ್ಯಾಹ್ನದವರೆಗೆ ಎಣಿಸಿದರು. "ಹನ್ನೊಂದು ಸಲ ಓ ಅಂತ ಬಂದು ಹೋಗ್ಯಾರ. ನಾ ಇಲ್ಲೇ ಕುಂತೀನಿ, ನನ್ನ ತಂಗಿ ಒಮ್ಮೆನೂ ಕರದಿಲ್ಲ! ಇಂಥವರ ಕೈಯಾಗ ಆಕಿನ್ನ ಹ್ಯಾಂಗ ಬಿಡ್ಲಿ? ನಾ ಸಿಂಧನೂರಿಗೆ ಕರ್ಕೊಂಡು ಹೋಗ್ತೀನಿ. ಮೂರು ಮಂದಿ ಸೊಸ್ತೇರು ಅದಾರ, ದವಾಖಾನಿ ಮಗ್ಗಲಾಗ ಐತಿ."

ಕಾಕಾ "ಬ್ಯಾಡ" ಎಂದರು.

"ಯಾಕ ಬ್ಯಾಡ?"

"ನನಗ ಕೇಳಸ್ತೈತಿ."

ತಪ್ಪೇನೂ ಇಲ್ಲದ ಮಾತು. ಆದರೆ ಅದನ್ನು ಹೇಳುವಾಗ ಕಾಕಾನ ಮುಖ ನೋಡಬೇಕಿತ್ತು. ಚಿಗವ್ವನನ್ನಲ್ಲ, ಇವರನ್ನೇ ಯಾರೋ ಎತ್ತಿಕೊಂಡು ಹೋಗಲು ಬಂದಂತೆ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಕೊನೆಗೆ ಅವ್ವ ಫೈಸಲಾ ಕೊಟ್ಟಳು: "ಕಿವಿ ಪರೀಕ್ಷೆ ಮಾಡ್ಸಿ ಬರ್ಲಿ. ಕಿವಿ ನೆಟ್ಟಗಿದ್ರ ಆಕಿ ಇಲ್ಲೇ ಇರ್ಲಿ. ಇಲ್ಲಂದ್ರ ಸಿಂಧನೂರು." ಕಿವಿಯ ಚುರುಕಿನ ಬಗ್ಗೆ ಎರಡು ಅಡಿಗೆರೆ ಎಳೆದಿದ್ದ ನಾನು, ನಗುನಗುತ್ತಲೇ ಕಾಕಾನನ್ನು ಪರೀಕ್ಷೆಗೆಂದು ಸಿಂಧನೂರಿನ ಬಸ್ಸು ಹತ್ತಿಸಿದೆ. ಕಾಕಾ ದಾರಿಯುದ್ದಕ್ಕೂ ಒಮ್ಮೆಯೂ "ಹೋಲ್ಡಾನ್" ಎನ್ನಲಿಲ್ಲ. ನಾನು ಅದನ್ನೂ ಗಮನಿಸಲಿಲ್ಲ.

ಕಿವಿ ಪರೀಕ್ಷೆಯ ಕೋಣೆಗೆ ನಡುವೆ ಗಾಜು. ಒಳಗೆ ಹೆಡ್‌ಫೋನ್ ಹಾಕಿಕೊಂಡ ಕಾಕಾ, ಹೊರಗೆ ಯಂತ್ರದ ಮುಂದೆ ಒಬ್ಬ ಹುಡುಗಿ. ಅವಳು ಗಟ್ಟಿಯಾಗಿ ಹೇಳಿಕೊಟ್ಟಳು. "ಅಜ್ಜಾರ, ಸಣ್ಣ ಸದ್ದು ಬರ್ತೈತಿ. ಕೇಳಿದ ಕೂಡ್ಲೇ ಈ ಗುಂಡಿ ಒತ್ರಿ."

"ಅನುಮಾನ ಬಂದ್ರ?"

"ಅನುಮಾನ ಬಂದ್ರೂ ಒತ್ರಿ."

ಕಾಕಾ ನನ್ನ ಕಡೆ ತಿರುಗಿ, "ನೋಡ್ದಿ?" ಎಂಬಂತೆ ಹುಬ್ಬು ಹಾರಿಸಿದರು. ಮೂವತ್ತು ವರ್ಷದ ಕಾನೂನಿಗೆ ಡಾಕ್ಟರ ಮುದ್ರೆ ಬಿದ್ದಿತ್ತು!

ಶುರುವಾಯಿತು. ಅವಳು ಸದ್ದು ಕಳಿಸಿದಾಗಲೆಲ್ಲ ಕಾಕಾ ಒತ್ತಿದರು. ಅವಳು ಸದ್ದನ್ನು ಸಣ್ಣದು ಮಾಡುತ್ತ ಹೋದಳು. ಕಾಕಾ ಬಿಡಲಿಲ್ಲ. "ಸರ್, ಈ ವಯಸ್ಸಿನ್ಯಾಗ ಇಂಥ ಕಿವಿ ನಾ ನೋಡೇ ಇಲ್ರೀ!" ಎಂದಳು. ನಾನು ಹೆಮ್ಮೆಯಿಂದ ಕೂತೆ. ಅಷ್ಟರಲ್ಲಿ ಅವಳಿಗೆ ಮೂಗು ತುರಿಸಿತು. ಕೈ ಎತ್ತಿ ತುರಿಸಿಕೊಂಡಳು. ಕಾಕಾ ಗುಂಡಿ ಒತ್ತಿದರು. ಅವಳು ಕೂದಲು ಹಿಂದೆ ಸರಿಸಿದಳು. ಕಾಕಾ ಒತ್ತಿದರು. ಅವಳು ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ಅವಳು ಎದ್ದು ಹೋಗಿ ಕಾಕಾನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದಳು.

ಆಮೇಲೆ ಕಾಕಾ ಒಂದೇ ಸಮ ಒತ್ತತೊಡಗಿದರು. ಸ್ವಲ್ಪ ಬಿಟ್ಟು ಒಂದು, ಮತ್ತೆ ಸ್ವಲ್ಪ ಬಿಟ್ಟು ಒಂದು, ತೊಟ್ಟಿಕ್ಕುವ ನಲ್ಲಿಯ ಹಾಗೆ. ಆಗ ಮಾಸ್ತರಿಕೆ ಜಾಗೃತವಾಗಿ ನಾನೇ ಹೇಳಿದೆ: "ಮೇಡಂ, ಹತ್ತು ಸಲ ಸದ್ದು ಕಳಸ್ರಿ, ಹತ್ತು ಸಲ ಕಳಸದೆ ಸುಮ್ಮ ಕುಂದರ್ರಿ. ಎರಡೂ ಬರಕೋರಿ." ಅವಳು ಹಾಗೆಯೇ ಮಾಡಿದಳು. ದವಾಖಾನೆ ಚೀಟಿಯ ಹಿಂದೆ ನಾನು ನಾಲ್ಕು ಮನೆ ಬರೆದು ತುಂಬಿಸಿದೆ. ಸದ್ದು ಇದ್ದಾಗ, ಹತ್ತಕ್ಕೆ ಹತ್ತು ಒತ್ತಿದ್ದರು. ಸದ್ದು ಇಲ್ಲದಾಗ, ಹತ್ತಕ್ಕೆ ಹತ್ತು.

ಇಷ್ಟು ವರ್ಷ ಈ ಲೆಕ್ಕ ಕಲಿಸಿದವನು ನಾನು. ಅದರ ಅರ್ಥ ಹೊಳೆಯಲು ನನಗೆ ಐದು ನಿಮಿಷ ಬೇಕಾಯಿತು. ಇದ್ದಾಗಲೂ ಅಷ್ಟೇ, ಇಲ್ಲದಾಗಲೂ ಅಷ್ಟೇ ಎಂದರೆ, ಕಿವಿ ಏನನ್ನೂ ಹೇಳುತ್ತಿಲ್ಲ. ಚುರುಕು ಕಿವಿ ಎಂದು ನಾನು ಅಡಿಗೆರೆ ಎಳೆದ ಜಾಗದಲ್ಲಿ ಏನೂ ಇರಲಿಲ್ಲ. ಬಡಿದು ನೋಡದೆ "ಗಟ್ಟಿ" ಎಂದುಬಿಟ್ಟಿದ್ದೆ.

"ವಯಸ್ಸಾದ್ಮ್ಯಾಲ ಹಿಂಗಾಗ್ತೈತ್ರಿ ಸರ್. ಜೋರು ಮಾತು ಕೇಳಸ್ತಾವ, ದಪ್ಪ ಸದ್ದು ಕೇಳಸ್ತಾವ. ಮೆಲ್ಲಕಿನ್ವು, ಸಣ್ವು ಒಂದೂ ಇಲ್ಲ. ಮಷೀನ್ ತರಸ್ಬೇಕು, ಎರಡು ವಾರ ಆಗ್ತೈತಿ" ಎಂದಳು ಹುಡುಗಿ.

"ಪಿಸುಮಾತು?"

"ಮಗ್ಗಲಾಗ ನಿಂತು ಪಿಸುಗುಟ್ಟಿದ್ರೂ ಇಲ್ರೀ."

ಇಷ್ಟು ದಿನ ನಮಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ನಮ್ಮ ಕಡೆ ಮೆಲ್ಲಗೆ ಮಾತಾಡುವವರು ಯಾರಿದ್ದಾರೆ? "ಉಪ್ಪು ಕೊಡು" ಎಂಬುದನ್ನೂ ನಾವು ಆಚೆ ದಂಡೆಯವರಿಗೆ ಹೇಳಿದ ಹಾಗೆ ಹೇಳುತ್ತೇವೆ. ನಮ್ಮ ಇಡೀ ಮನೆಯಲ್ಲಿ ಮೆಲ್ಲಗೆ ಮಾತಾಡುವವಳು ಒಬ್ಬಳೇ.

ಮಷೀನಿಗೆ ಹೇಳಿ, ಬಸ್ ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಂತೆವು. "ಎಷ್ಟು ದಿನ ಆತು ಕಾಕಾ, ಕೇಳಸದಂಗಾಗಿ?" ಎಂದು ಕೇಳಿದೆ.

ಕಾಕಾ ಅತ್ತಿತ್ತ ನೋಡಿದರು. "ಮೆಲ್ಲಕ ಮಾತಾಡ್ಲೇ, ಮಂದಿ ಅದಾರ."

"ಮೆಲ್ಲಕ ಅಂದ್ರ ನಿಮಗ ಕೇಳಸಂಗಿಲ್ಲ."

ಆ ಮಾತು ನ್ಯಾಯವೆನ್ನಿಸಿತೇನೋ, ಒಪ್ಪಿಕೊಂಡರು. ಚಹಾದ ಕಪ್ಪನ್ನು ಬೆರಳಿನಿಂದ ಎರಡು ಸಲ ಬಡಿದರು. ಆಮೇಲೆ ಹೇಳಿದರು:

"ಅವತ್ತು ನಾ ಎಲಿಅಡಿಕಿ ತರಾಕ ಹೋಗಿದ್ದಿಲ್ಲೋ ತಮ್ಮಾ. ಕಟ್ಟಿ ಮ್ಯಾಲೇ ಕುಂತಿದ್ದೆ. ಹತ್ತು ಹೆಜ್ಜಿ ಒಳಗ ಆಕಿ ಕರದಾಳ, ನಾ ಪೇಪರ್ ಓದಾಕತ್ತೀನಿ. ಬಿದ್ದದ್ದು ಕೇಳಸ್ತು. ಕರದದ್ದು ಕೇಳಸ್ಲಿಲ್ಲ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಕಾಕಾನೇ ಮುಂದುವರಿಸಿದರು:

"ಕರದಾಗ ಹೋಗಾಕ ಆಗಂಗಿಲ್ಲ ಅಂದ್ಮ್ಯಾಲ ಕರೀದಿದ್ರೂ ಹೋಗ್ಬೇಕಲ್ಲ? ಮತ್ತೇನ್ ಮಾಡ್ಲಿ?"

"ಹೋಗ್ರಿ ಬೇಕಾದ್ರ. ಓ, ಬಂದೆ ಅಂತ ಯಾಕ ಒದರ್ತಿದ್ರಿ?"

"ಸುಮ್ಮ ಹೋದ್ರ ಆಕಿಗೆ ತಿಳೀತೈತಿ. ಇವಂಗ ಕೇಳಸಂಗಿಲ್ಲ, ಅಂದಾಜಿನ ಮ್ಯಾಲೆ ಬಂದಾನ ಅಂತ. ಓ ಅಂದ್ರ ಕೇಳಿ ಬಂದಂಗ ಆಗ್ತೈತಿ." ಆಮೇಲೆ ನನ್ನ ಕಡೆ ನೋಡದೆ, "ಆಕಿನ್ನ ಸಿಂಧನೂರಿಗೆ ಕಳಸ್ಬ್ಯಾಡ್ರೋ" ಎಂದರು. ಹಟ್ಟಿಯ ಬಂಡೆಗೆ ಹೆದರದ ಮನುಷ್ಯ ಒಬ್ಬ ಮಾಸ್ತರನಿಗೆ ಹೆದರಿ ಕೂತದ್ದನ್ನು ನೋಡಿ ನನಗೆ ಅಳು ಬಂತು. ನಾನು ಎರಡು ಬಿಸ್ಕೀಟು ಕೊಂಡು ತಿಂದೆ.

ಮನೆಯಲ್ಲಿ ಅವ್ವ, ಚಿಗವ್ವನ ಅಕ್ಕ, ನನ್ನ ಹೆಂಡತಿ, ಮೂವರೂ ಸಾಲಾಗಿ ಕೂತಿದ್ದರು. "ಏನಾತು?" ಎಂದರು. ನಾನು ಚೀಟಿ ತೆಗೆದು ಗಂಭೀರವಾಗಿ ಓದಿದೆ. "ಹತ್ತು ಸಲ ಸದ್ದು ಕಳಿಸಿದ್ರು. ಹತ್ತಕ್ಕ ಹತ್ತೂ ಒತ್ಯಾರ. ಒಂದೂ ತಪ್ಪಿಸಿಲ್ಲ."

ಒಂದಕ್ಷರ ಸುಳ್ಳಿಲ್ಲ. ಉಳಿದ ಎರಡು ಮನೆಗಳನ್ನು ಯಾರೂ ಕೇಳಲಿಲ್ಲ. ಚಿಗವ್ವನ ಅಕ್ಕ, "ಇದ್ದೀತು ಬಿಡ್ರಿ" ಎಂದು ಸಂಜೆಯ ಬಸ್ಸಿಗೆ ಹೊರಟರು.

ಆಮೇಲೆ ನಾನು ಒಳಗೆ ಹೋಗಿ ಚಿಗವ್ವನ ಮಂಚದ ಮೇಲೆ ಕೂತು, ಅವಳ ಬಾಯಿಯ ಹತ್ತಿರ ಕಿವಿ ಒಯ್ದೆ. "ಖರೇ ಹೇಳು. ದಿನಕ್ಕ ಎಷ್ಟ್ ಸಲ ಕರೀತಿ ಕಾಕಾನ್ನ?"

"ಬಿದ್ದ ದಿನ ಕರದದ್ದೇ ಕಡೀಕ" ಎಂದಳು.

ಅವಳು ಬಾಗಿಲ ಕಡೆ ಬೆರಳು ತೋರಿಸಿದಳು. ಮಂಚದಿಂದ ನೇರ ಗೆರೆಯಲ್ಲಿ ಕಟ್ಟೆ, ಕಟ್ಟೆಯ ಮೇಲೆ ಕಾಕಾನ ಬೆನ್ನು. "ಅವತ್ತೂ ಹಿಂಗೇ ಕಾಣಾಕತ್ತಿತ್ತು. ಮೂರು ಸಲ ಕರದೆ. ತಿರುಗಲಿಲ್ಲ. ಅವತ್ತೇ ತಿಳೀತು."

"ಎಲಿಅಡಿಕಿಗೆ ಹೋಗಿದ್ದೆ ಅಂದ್ರಲ್ಲ ಅವ್ರು?"

"ಹೂಂ ಅಂದೆ. ಮತ್ತ ಕರದು, ಮತ್ತ ಕೇಳಸದಿದ್ರ ಎದಿ ಒಡಕೊಂತಾರ. ಅದಕ್ಕ ಕರಿಯೋದೇ ಬಿಟ್ಟೆ. ಕರೀದಿದ್ರ ತಪ್ಪಂಗೇ ಇಲ್ಲಲ್ಲ?"

ನಾನು ಲೆಕ್ಕ ಹಾಕಿದೆ. ದಿನಕ್ಕೆ ಮೂವತ್ತು ಸಲ, ಇಷ್ಟು ತಿಂಗಳು. ಶಾಸ್ತ್ರದ ಪ್ರಕಾರ ಅಷ್ಟೂ ಸುಳ್ಳು ಗಂಟೆ. ಒಂದೇ ಒಂದು ಸರಿಯಿಲ್ಲ.

"ಓ, ಬಂದೆ!" ಎಂದು ಕಟ್ಟೆಯಿಂದ ಕೂಗು ಬಂತು. ಚಿಗವ್ವನ ತುಟಿ ಅಲ್ಲಾಡಿರಲಿಲ್ಲ. ಕಾಕಾ ಬಾಗಿಲಲ್ಲಿ ಬಂದು ನಿಂತು, "ಕರದೇನು?" ಎಂದರು.

ಚಿಗವ್ವ ಹೌದೆಂದು ತಲೆಯಾಡಿಸಿ, ನೀರಿನ ಚರಿಗೆ ತೋರಿಸಿದಳು. ಅದು ಅವಳ ಕೈಗೆ ಎಟುಕುವಲ್ಲಿಯೇ ಇತ್ತು. ನಾನು ಬಂದ ಮೇಲೆ ಎರಡು ಸಲ ಕುಡಿದಿದ್ದಳು. ಕಾಕಾ ಎತ್ತಿ ಕೊಟ್ಟರು, ಅವಳು ಮತ್ತೆ ಕುಡಿದಳು.